ಎರಡು ಕಾರು, ಅರವತ್ತನಾಲ್ಕು ಸಾಲು

ನಕ್ಷೆರಾಯರು ತಮ್ಮ ಬಾಳಿನಲ್ಲಿ ಹೋಲಿಸಿ ನೋಡದೆ ಪಡೆದದ್ದು ಎರಡೇ ಎರಡು: ಒಂದು ಜನ್ಮ, ಇನ್ನೊಂದು ಹೆಂಡತಿ. ಜನ್ಮದ ವಿಷಯದಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಹೆಂಡತಿಯ ವಿಷಯದಲ್ಲಿ ತೋರಿಸಿದ್ದೇ ಒಬ್ಬ ಹುಡುಗಿಯನ್ನು. ಇಬ್ಬರನ್ನು ತೋರಿಸಿದ್ದರೆ ಇವನು ಇಂದಿಗೂ ಬ್ರಹ್ಮಚಾರಿಯಾಗಿಯೇ ಇರುತ್ತಿದ್ದ ಎಂದು ಅವರ ತಾಯಿಯೇ ಹೇಳುತ್ತಿದ್ದರು. ಮಿಕ್ಕಿದ್ದನ್ನೆಲ್ಲ, ಚಪ್ಪಲಿಯಿಂದ ಹಿಡಿದು ಪ್ರೆಷರ್ ಕುಕ್ಕರಿನವರೆಗೆ, ರಾಯರು ಎರಡೆರಡಾಗಿ ಪಕ್ಕದಲ್ಲಿಟ್ಟು, ಅಳೆದು, ಪಟ್ಟಿ ಮಾಡಿಯೇ ಕೊಂಡವರು. ಕುಕ್ಕರಿನ ಹೋಲಿಕೆ ಏಳು ತಿಂಗಳು ನಡೆಯಿತು. ತೀರ್ಮಾನ ಬರುವ ಹೊತ್ತಿಗೆ ಎರಡರಲ್ಲಿ ಒಂದನ್ನು ತಯಾರಿಸುವುದನ್ನೇ ಕಂಪನಿ ನಿಲ್ಲಿಸಿತ್ತು. ರಾಯರು ಆರಿಸಿದ್ದು ಅದನ್ನೇ.

ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಕ್ಷೆ ಎಳೆಯುವುದು ಅವರ ಕೆಲಸ. ಬೀದಿಯವರು ಆ ಹೆಸರಿಟ್ಟಿದ್ದು ಅದಕ್ಕೇ. ಅವರ ಪೆನ್ಸಿಲಿನ ಗೆರೆ ಕೂದಲೆಳೆಯಷ್ಟೂ ಸುಳ್ಳು ಹೇಳುತ್ತಿರಲಿಲ್ಲ. ಆ ಕೊರತೆಯನ್ನು ಬಾಯಿ ಆಗಾಗ ತುಂಬಿಕೊಡುತ್ತಿತ್ತು, ಅದರಲ್ಲೂ ಷಡ್ಡಕ ಎದುರಿಗಿದ್ದಾಗ.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ವಿಮೆ ಏಜೆಂಟ. ಬದುಕಿರುವವರಿಗೆ ಸಾವಿನ ನೆನಪು ಮಾಡಿಕೊಡುತ್ತಲೇ ಮುಂದೆ ಬಂದವನು. ಒಂದು ಭಾನುವಾರ ಹೊಸ ಕಾರಿನಲ್ಲಿ, ಎರಡೂ ಕಡೆಯ ಕನ್ನಡಿ ಮಡಚಿಕೊಂಡು, ಆ ಇಕ್ಕಟ್ಟಾದ ಬೀದಿಯೊಳಗೆ ನುಸುಳಿ ಬಂದ. ಬಂದವನು ಇಳಿಯಲಿಲ್ಲ. ಕಾರಿನ ಚಾವಣಿಯ ಗಾಜು ಸರ್ರನೆ ಹಿಂದೆ ಸರಿಯಿತು. ಅಲ್ಲಿಂದ ಅವನ ತಲೆ ಮೇಲೆದ್ದಿತು.

“ಸನ್‌ರೂಫ್ ಅಣ್ಣ,” ಎಂದಿತು ತಲೆ. “ಇಲ್ಲಿಂದ ಆಕಾಶ ಕಾಣುತ್ತೆ.”

“ನಮ್ಮ ಹಿತ್ತಲಿಂದಲೂ ಕಾಣುತ್ತಪ್ಪ.”

“ಹಿತ್ತಲು ಓಡಲ್ಲವಲ್ಲ ಅಣ್ಣ.”

ಊಟಕ್ಕೆ ಕೂತಾಗ ಷಡ್ಡಕ ಇನ್ನೊಂದು ಮಾತು ಎಸೆದ. “ನೀವೂ ಒಂದು ತಗೊಳ್ಳಿ. ಇನ್ನೂ ಎಷ್ಟು ದಿನ ಅಕ್ಕನ್ನ ಬಸ್ಸಿನಲ್ಲಿ ನಿಲ್ಲಿಸ್ತೀರಿ?”

ಹೆಂಡತಿಯನ್ನು ರಾಯರು ಬಸ್ಸಿನಲ್ಲಿ ನಿಲ್ಲಿಸಿದ್ದು ನಿಜ. ಆ ನಿಜವೇ ಅವರನ್ನು ಚುಚ್ಚಿದ್ದು. ಚುಚ್ಚಿದ ಕಡೆಯಿಂದಲೇ ಸುಳ್ಳು ಹೊರಬಂತು. “ತಗೊಂಡಾಯ್ತು ಅಂತಲೇ ಇಟ್ಕೊ. ಎರಡು ಕಾರು ನೋಡಿಟ್ಟಿದ್ದೀನಿ, ಒಂದು ಆರಿಸೋದಷ್ಟೇ ಬಾಕಿ. ಮುಂದಿನ ತಿಂಗಳ ಕೊನೇ ಭಾನುವಾರ ನಿಮ್ಮನೆಗೆ ಊಟಕ್ಕೆ ನಮ್ಮ ಕಾರಲ್ಲೇ ಬರ್ತೀವಿ.”

ಬಡಿಸುತ್ತಿದ್ದ ಹೆಂಡತಿಯ ಸೌಟು ಗಾಳಿಯಲ್ಲೇ ನಿಂತಿತು. ಷಡ್ಡಕ ಹೋದ ಮೇಲೆ ಆಕೆ ಕೇಳಿದ್ದು ಒಂದೇ ಮಾತು. “ರೀ, ಕಾರು ನಿಲ್ಲಿಸೋದು ಎಲ್ಲಿ?”

ರಾಯರ ಕಣ್ಣು ಮನೆಯ ಮುಂಭಾಗದ ಕೊಠಡಿಯ ಕಡೆ ಹೋಗಿ ತಟ್ಟನೆ ವಾಪಸ್ ಬಂತು. ಅದು ಹೆಂಡತಿಯ ಹೊಲಿಗೆ ಕೊಠಡಿ. ಹನ್ನೊಂದು ವರ್ಷದ ಹಿಂದೆ ಜಗಲಿಗೆ ಗೋಡೆ ಎತ್ತಿಸಿ, ಮೇಲೆ ತಗಡು ಹೊದೆಸಿ, ಬೀದಿಗೆ ಮೂರಡಿ ಚಾಚಿ ಕಟ್ಟಿಸಿದ್ದು. ಮಿಷನ್ನು, ಕತ್ತರಿಸುವ ಮೇಜು, ಶಾಲೆಯ ಸಮವಸ್ತ್ರಗಳ ಗಂಟು, ಬೀದಿಗೆ ತೆರೆದ ಕಿಟಕಿ. ಆ ಕಿಟಕಿಯ ಹಿಂದೆ ಕೂತರೆ ಆಕೆ ಯಾರ ಹೆಂಡತಿಯೂ ಅಲ್ಲ, ಯಾರ ಅಕ್ಕನೂ ಅಲ್ಲ, ಇಡೀ ಪ್ರಪಂಚದಲ್ಲಿ ತನ್ನದು ಎಂದು ಆಕೆಗಿದ್ದದ್ದು ಅದೊಂದೇ.

“ಆ ಕಡೆ ನೋಡ್ಬೇಡಿ,” ಎಂದಳು ಹೆಂಡತಿ.

“ನಾನೆಲ್ಲಿ ನೋಡ್ದೆ?”

“ನೋಡಿದ್ರಿ.”

ಮಾತು ಕೊಟ್ಟಾಗಿತ್ತು. ಇನ್ನು ಎರಡು ಕಾರು ಹುಡುಕುವುದೊಂದೇ ಉಳಿದಿತ್ತು. ಪುಣ್ಯಕ್ಕೆ ಊರ ಹೊರಗಿನ ದೊಡ್ಡ ರಸ್ತೆಯಲ್ಲಿ ಎರಡು ಶೋರೂಮುಗಳು ಎದುರುಬದುರಾಗಿ, ಮಾತು ಬಿಟ್ಟ ಓರಗಿತ್ತಿಯರಂತೆ ನಿಂತಿದ್ದವು. ಒಂದರಲ್ಲಿ ಕೆಂಪು ಕಾರು, ಇನ್ನೊಂದರಲ್ಲಿ ಬಿಳಿ. ಎರಡೂ ಚಿಕ್ಕ ಗಾತ್ರದ ಎಸ್‌ಯುವಿ. ಅವುಗಳ ಹೆಸರುಗಳು ಯಾವ ಭಾಷೆಯವೆಂದು ಮಾರುವವರಿಗೂ ಗೊತ್ತಿರಲಿಲ್ಲವಾಗಿ ರಾಯರು ಕೆಂಪು, ಬಿಳಿ ಎಂದೇ ಕರೆದರು.

“ಇದು ಬೆಟ್ಟ ಹತ್ತುತ್ತೆ ಸಾರ್,” ಎಂದ ಬಿಳಿ ಕಾರಿನ ಹುಡುಗ, ಟೈ ಸರಿಮಾಡಿಕೊಂಡು.

“ನಾನಿರೋ ಕಡೆ ಬೆಟ್ಟ ಇಲ್ಲವಲ್ಲಪ್ಪ.”

“ರಸ್ತೆ ಉಬ್ಬು ಇಲ್ವಾ ಸಾರ್?”

“ಮೂರಿದೆ.”

“ಅದನ್ನೇ ಬೆಟ್ಟ ಅಂದ್ಕೊಳ್ಳಿ ಸಾರ್.”

ರಾಯರು ಜೇಬಿನಿಂದ ಟೇಪು ತೆಗೆದರು. ಕಂಪನಿಯ ಪುಸ್ತಕದಲ್ಲಿ ಅಚ್ಚಾದ ಅಳತೆಯನ್ನು ನಂಬುವ ಜಾತಿಯಲ್ಲ ಅವರದು. ಡಿಕ್ಕಿಯೊಳಗೆ ಮುದುಡಿ ಮಲಗಿ ಅದರ ಉದ್ದ ಅಳೆದರು. ಹಿಂದಿನ ಸೀಟಿನಲ್ಲಿ ಮೂರು ಜಾಗದಲ್ಲೂ ಸರದಿ ಪ್ರಕಾರ ಕೂತು ಮೊಣಕಾಲಿಗೂ ಮುಂದಿನ ಸೀಟಿಗೂ ನಡುವಿನ ಅಂತರ ಬರೆದುಕೊಂಡರು. ಓಡಿಸಿ ನೋಡಿ ಎಂದಾಗ ಮಾತ್ರ, “ನೀವೇ ಓಡಿಸಿ, ನಾನು ಹಿಂದೆ ಕೂತು ಗಮನಿಸ್ತೀನಿ,” ಎಂದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅದು ಚಿಕ್ಕ ವಿಷಯವೆಂದು ಅವರು ಪಟ್ಟಿಗೆ ಸೇರಿಸಿರಲಿಲ್ಲ.

ಪಟ್ಟಿ ದೊಡ್ಡ ನಕ್ಷೆ ಹಾಳೆಯಲ್ಲಿತ್ತು. ಬಟ್ಟೆ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದರು. ಎಡಕ್ಕೆ ಕೆಂಪು, ಬಲಕ್ಕೆ ಬಿಳಿ, ಒಟ್ಟು ಅರವತ್ತನಾಲ್ಕು ಸಾಲು. ಹತ್ತು ದಿನ ಬೆಳಿಗ್ಗೆ ಸಂಜೆ ದುಡಿದು ಅರವತ್ತೆರಡು ಸಾಲು ತುಂಬಿಸಿದರು. ಕೆಂಪು ಮೂವತ್ತೊಂದರಲ್ಲಿ ಮುಂದೆ, ಬಿಳಿ ಮೂವತ್ತರಲ್ಲಿ ಮುಂದೆ, ಒಂದರಲ್ಲಿ ಸರಿಸಮ: ಎರಡಕ್ಕೂ ಚಕ್ರ ನಾಲ್ಕೇ ಇದ್ದವು. ಉಳಿದವು ಕೊನೆಯ ಎರಡು ಸಾಲು. ಅರವತ್ತಮೂರು: ‘ನಮ್ಮ ಬೀದಿಯಲ್ಲಿ ಬಾಗಿಲು ಪೂರ್ತಿ ತೆರೆಯುತ್ತದೆಯೇ?’ ಅರವತ್ತನಾಲ್ಕು: ‘ಸನ್‌ರೂಫ್. ಉಪಯೋಗ ಏನು?’

ಸನ್‌ರೂಫ್ ಇದ್ದದ್ದು ಕೆಂಪು ಕಾರಿಗೆ ಮಾತ್ರ. ಉಪಯೋಗ ಏನೆಂದು ಅಲ್ಲಿನ ಹುಡುಗಿಯನ್ನು ಕೇಳಿದಾಗ ಆಕೆ ಕಣ್ಣರಳಿಸಿ, “ಫೀಲ್ ಸಾರ್,” ಎಂದಿದ್ದಳು. ರಾಯರು ‘ಫೀಲ್’ ಎಂದು ಬರೆದು, ಅದನ್ನು ಯಾವುದರಿಂದ ಅಳೆಯಬೇಕೆಂದು ತಿಳಿಯದೆ ಅಳಿಸಿ, ಜಾಗ ಖಾಲಿ ಬಿಟ್ಟರು.

ಅರವತ್ತಮೂರನೇ ಸಾಲಿಗಾಗಿ ಒಂದು ಭಾನುವಾರ, ಹಾಲಿನವನು ಬರುವ ಹೊತ್ತಿಗೆ, ಟೇಪು ಹಿಡಿದು ಬೀದಿಗಿಳಿದರು. ಅಲ್ಲಿಂದಲೇ ಎಲ್ಲ ಕೆಟ್ಟಿದ್ದು.

ಲೆಕ್ಕ ಸರಳವಾಗಿತ್ತು. ಕೆಂಪಿನ ಬಾಗಿಲು ತೆರೆದರೆ ಬಿಳಿಯದಕ್ಕಿಂತ ಹತ್ತು ಅಂಗುಲ ಹೆಚ್ಚು ಚಾಚುತ್ತದೆ. ಬೀದಿ ನೆಟ್ಟಗಿರುವ ಕಡೆ ಅದು ಎದುರಿನ ಮೆಟ್ಟಿಲಿಗೋ ಗೋಡೆಗೋ ತಾಗುತ್ತದೆ. ಬಿಳಿ ಉದ್ದ ಜಾಸ್ತಿ. ತಿರುವಿನಲ್ಲಿ ಅದರ ಬಾಲ ತಾಗುತ್ತದೆ. ಕೆಂಪು ತಾಗುವ ಕಡೆ ಕೆಂಪು ಸೀಮೆಸುಣ್ಣದ ಗುರುತು, ಬಿಳಿ ತಾಗುವ ಕಡೆ ಬಿಳಿಯದು, ಪಕ್ಕದಲ್ಲಿ ಎಷ್ಟು ಅಂಗುಲ ಕಡಿಮೆ ಎಂಬ ಅಂಕಿ. ಇಪ್ಪತ್ತೆರಡು ವರ್ಷದ ಅಭ್ಯಾಸಬಲ, ಗುರುತೆಂದರೆ ಸುಮ್ಮನೆ ಗೆರೆಯಲ್ಲ: ಅಚ್ಚುಕಟ್ಟಾದ ತ್ರಿಕೋನ, ಅದಕ್ಕೊಂದು ಬಾಣ. ಸಲೂನಿನ ಮೆಟ್ಟಿಲಿಗೆ ಕೆಂಪು, ಏಳು. ಹಿಟ್ಟಿನ ಗಿರಣಿಯ ಮುಂಗಟ್ಟೆಗೆ ಕೆಂಪು, ಒಂಬತ್ತು. ತಿರುವಿನಲ್ಲಿದ್ದ ನಿವೃತ್ತ ಹೆಡ್‌ಮೇಷ್ಟ್ರ ಕಾಂಪೌಂಡಿಗೆ ಬಿಳಿ, ನಾಲ್ಕು. ಒಟ್ಟು ಎಂಟು ಕೆಂಪು, ನಾಲ್ಕು ಬಿಳಿ. ಆ ಸಾಲು ಬಿಳಿಗೆ ಹೋಗಿ ಹೋಲಿಕೆ ಮೂವತ್ತೊಂದಕ್ಕೆ ಮೂವತ್ತೊಂದಾಗಿ ನಿಂತಿತು. ಇಡೀ ನಿರ್ಧಾರ ಸನ್‌ರೂಫಿನ ಮೇಲೆ ಬಂದು ಕೂತಿತು.

ಗುರುತು ಬೀಳದೆ ಉಳಿದದ್ದು ಎರಡೇ ಕಟ್ಟಡ. ಬೀದಿಯ ಬಾಯಲ್ಲಿದ್ದ ನಗರಸಭೆಯ ವಾರ್ಡ್ ಕಚೇರಿ, ಏಕೆಂದರೆ ಸರ್ಕಾರಿ ಗೋಡೆಯ ಮೇಲೆ ಬರೆಯಬಾರದೆಂದು ಅಲ್ಲೇ ಬರೆದಿತ್ತು. ಮತ್ತು ಸ್ವಂತ ಮನೆಯ ಹೊಲಿಗೆ ಕೊಠಡಿ, ಏಕೆಂದರೆ ಅದರ ಒಡತಿ ಒಳಗೆ ಎದ್ದಿದ್ದಳು. ಆದರೆ ಮನೆಗೆ ಬಂದು ಬೀದಿಯ ನಕ್ಷೆ ಎಳೆಯುವಾಗ ಎರಡನ್ನೂ ಬಿಡಲಿಲ್ಲ. ನಂಬರ್ ಒಂದು ವಾರ್ಡ್ ಕಚೇರಿ, ನಂಬರ್ ಹದಿನಾಲ್ಕು ಹೊಲಿಗೆ ಕೊಠಡಿ. ಪ್ರತಿ ನಂಬರಿನ ಪಕ್ಕ, ಅದು ಹಳೆಯ ರಸ್ತೆ ಗಡಿ ದಾಟಿ ಬೀದಿಗೆ ಎಷ್ಟು ಚಾಚಿದೆ ಎಂಬ ಅಳತೆ. ಪೆನ್ಸಿಲಿಗೆ ಹೆಂಡತಿಯ ಭಯ ಇರಲಿಲ್ಲ.

ಅಂದು ಮಧ್ಯಾಹ್ನವೇ ಬೀದಿ ಹೆಡ್‌ಮೇಷ್ಟ್ರ ಗೇಟಿನ ಮುಂದೆ ಸೇರಿತು. ಭೂಮಾಪನ ಕಚೇರಿಯ ಮನುಷ್ಯ ಬೆಳಗಿನ ಕತ್ತಲಲ್ಲಿ ಕಳ್ಳನ ಹಾಗೆ ಬೀದಿ ಅಳೆದಿದ್ದಾನೆ ಎಂದರೆ ಅದಕ್ಕೆ ಅರ್ಥ ಒಂದೇ.

“ರಸ್ತೆ ಅಗಲ ಮಾಡ್ತಾರೆ,” ಎಂದರು ಮೇಷ್ಟ್ರು, ಗಣಿತದ ಉತ್ತರ ಹೇಳುವ ಹಾಗೆ. “ಕೆಂಪು ಅಂದ್ರೆ ಒಡೆಯೋದು. ಬಿಳಿ ಅಂದ್ರೆ ಸದ್ಯಕ್ಕೆ ಮಾಫಿ. ಅಂಕಿ ಎಷ್ಟಡಿ ಒಡೀತಾರೆ ಅಂತ.” ಅವರದು ಬಿಳಿಯಾದ್ದರಿಂದ ವಿವರಣೆಯಲ್ಲಿ ಒಂದು ನೆಮ್ಮದಿ ಇತ್ತು.

“ಏಳಡಿ ಹೋದ್ರೆ ಮೆಟ್ಟಿಲಷ್ಟೇ ಅಲ್ಲ ಮೇಷ್ಟ್ರೇ, ಕುರ್ಚಿ, ಕನ್ನಡಿ, ಗಿರಾಕಿ ಎಲ್ಲ ಹೋಗುತ್ತೆ,” ಎಂದ ಸಲೂನಿನವನು. ಅವನ ಅಂಗಡಿ ಇದ್ದದ್ದೇ ಎಂಟಡಿ.

ಮರುದಿನ ರಾಯರು ಕ್ಷೌರಕ್ಕೆ ಹೋದರು. ಸಲೂನಿನವನು ಕಾಯುತ್ತಿದ್ದವರನ್ನು ಎಬ್ಬಿಸಿ ಅವರನ್ನು ಕೂರಿಸಿದ. ಬಿಸಿ ಟವೆಲು ಹಾಕಿದ. ಕೇಳದಿದ್ದರೂ ಕುತ್ತಿಗೆ ನೀವಿದ.

“ಸಾರ್, ಕೆಂಪೇ ಅಂತ ನಿರ್ಧಾರ ಆಗ್ಹೋಯ್ತಾ?”

ರಾಯರು ಕನ್ನಡಿಯಲ್ಲಿ ಅವನನ್ನೇ ನೋಡಿದರು. ಕಾರಿನ ವಿಷಯ ಇವನಿಗೆ ಹೇಗೆ ಗೊತ್ತಾಯಿತು? ಷಡ್ಡಕ ಊರೆಲ್ಲ ಡಂಗುರ ಹೊಡೆದಿರಬೇಕು. “ಇನ್ನೂ ಇಲ್ಲಪ್ಪ. ನಿನಗೇನನ್ಸುತ್ತೆ?”

“ನನ್ನ ಕೇಳ್ತೀರಾ ಸಾರ್?” ಅವನ ಕಣ್ಣಲ್ಲಿ ನೀರಾಡಿತು. “ಬಿಳಿ ಮಾಡಿ. ಕೆಂಪಾದ್ರೆ ನನ್ನ ಜೀವ ಉಳಿಯಲ್ಲ.”

ಕಾರಿನ ಬಣ್ಣವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡವನನ್ನು ರಾಯರು ಕಂಡಿರಲಿಲ್ಲ. “ಹಾಗಲ್ಲ, ಕೆಂಪು ಗಟ್ಟಿಮುಟ್ಟು. ಎಷ್ಟೇ ಏಟು ಬಿದ್ರೂ ಒಳಗೆ ಕೂತೋರಿಗೆ ಏನೂ ಆಗಲ್ಲ.”

“ಒಳಗೆ ಗಿರಾಕಿಗಳೇ ಕೂತಿರೋದು ಸಾರ್.” ಅವನು ಕತ್ತಿ ಮಸೆದ. “ಯಾವಾಗ ಬರುತ್ತೆ?”

“ತಿಂಗಳ ಕೊನೆಯೊಳಗೆ ಬರಲೇಬೇಕು, ಮಾತು ಕೊಟ್ಟಾಗಿದೆ. ಬಂದಾಗ ನೀವೆಲ್ಲ ಹೊರಗೆ ಬಂದು ನಿಂತು ನೋಡ್ಬೇಕು, ಆಯ್ತಾ?”

ಸಲೂನಿನವನ ಕತ್ತಿ ಜಾರಿ ರಾಯರ ಕಿವಿಯ ಹಿಂದೆ ಸಣ್ಣದೊಂದು ಗಾಯವಾಯಿತು. ಕಾಸು ಮಾತ್ರ ಅವನು ಮುಟ್ಟಲಿಲ್ಲ.

ಗಿರಣಿ ಅಕ್ಕ ನೇರ ಮನೆಗೇ ಬಂದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಗಿರಣಿ ನಡೆಸಿದ ಹೆಂಗಸು. ಸುತ್ತಿ ಬಳಸಿ ಮಾತಾಡುವ ರೂಢಿ ಇಲ್ಲ. “ನೋಡಿ, ನಂಗೆ ಬಿಳಿ ಹಾಕಿ. ಎದುರು ಮನೆಗೆ ಬೇಕಾದ್ರೆ ಕೆಂಪು ಹಾಕ್ಕೊಳ್ಳಿ, ಅವರಿಗೆ ಇನ್ನೊಂದು ಮನೆ ಇದೆ.”

“ಅಕ್ಕ, ನಾನು ತಗೊಳ್ಳೋದು ಒಂದೇ. ಎರಡು ತಗೊಳ್ಳೋ ಯೋಗ್ಯತೆ ನನಗಿಲ್ಲ.”

ಗಿರಣಿ ಅಕ್ಕ ಅವರನ್ನು ಕಣ್ಣು ಕಿರಿದು ಮಾಡಿ ನೋಡಿದರು. ಇಷ್ಟು ಮುಕ್ತವಾಗಿ, ಇಷ್ಟು ಕಡಿಮೆ ಕೇಳುವ ನೌಕರನನ್ನು ಅವರು ಆವರೆಗೆ ಕಂಡಿರಲಿಲ್ಲ. ಸಂಜೆ ಒಂದು ಚೀಲ ಹಿಟ್ಟು ಬಂತು. ಮರುದಿನ ಎದುರು ಮನೆಯಿಂದ ಎರಡು ಚೀಲ ಅಕ್ಕಿ ಬಂತು.

“ಏನ್ರೀ ಇದೆಲ್ಲ?” ಎಂದಳು ಹೆಂಡತಿ.

“ಜನಕ್ಕೆ ನಮ್ಮ ಮೇಲೆ ಎಷ್ಟು ಪ್ರೀತಿ ಇತ್ತು ಅಂತ ನಮಗೇ ಗೊತ್ತಿರಲಿಲ್ಲ ಕಣೇ,” ಎಂದರು ರಾಯರು. ಅವರಿಗೆ ನಿಜವಾಗಿಯೂ ಹಾಗೇ ಅನಿಸಿತ್ತು.

ಹೆಡ್‌ಮೇಷ್ಟ್ರಿಗೆ ಮಾತ್ರ ಪ್ರೀತಿ ಉಕ್ಕಲಿಲ್ಲ. ಅವರು ಬೀದಿಯ ತುದಿಯಿಂದ ತುದಿಗೆ ನಡೆದು, ಬೀದಿಯ ಮನೆಗಳಲ್ಲೆಲ್ಲ ಹೆಚ್ಚು ಮುಂದಕ್ಕೆ ಚಾಚಿದ ಹೊಲಿಗೆ ಕೊಠಡಿಯ ಗೋಡೆ ಹಾಲಿನಂತೆ ಶುಭ್ರವಾಗಿರುವುದನ್ನು ಕಂಡರು. “ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು,” ಎಂದು ನಾಲ್ಕು ಪುಟದ ಅರ್ಜಿ ಬರೆದು ವಾರ್ಡ್ ಕಚೇರಿಗೆ ಕೊಟ್ಟರು. ವಿಷಯ: ನಮ್ಮ ಬೀದಿಯ ಅಗಲೀಕರಣದಲ್ಲಿ ಪಕ್ಷಪಾತದ ಬಗ್ಗೆ.

ವಾರ್ಡ್ ಇಂಜಿನಿಯರು ಅರ್ಜಿಯನ್ನು ಎರಡು ಸಲ ಓದಿದರು. ಅಂಥ ಅಗಲೀಕರಣದ ಸುದ್ದಿಯೇ ಅವರಿಗಿರಲಿಲ್ಲ. ಮೇಲಿನವರನ್ನು ಕೇಳೋಣವೆಂದರೆ, ತನ್ನ ವಾರ್ಡಿನಲ್ಲಿ ನಡೆಯುವುದು ತನಗೇ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸಿಕೊಳ್ಳಲು ಕಚೇರಿಗಳಲ್ಲಿ ಒಂದು ವಾಕ್ಯವಿದೆ. ಅರ್ಜಿಯ ಅಂಚಿಗೆ ಅದನ್ನೇ ಬರೆದರು: ‘ಪರಿಶೀಲನೆಯಲ್ಲಿದೆ.’ ಬರೆದ ಮೇಲೆ ಒಂದು ಫೈಲು ಬೇಕಲ್ಲ, ಅದನ್ನೂ ತೆರೆದರು. ಫೈಲಿಗೊಂದು ನಕ್ಷೆ ಬೇಕಲ್ಲ, ಅದಕ್ಕಾಗಿ ಸಂಜೆ ರಾಯರ ಮನೆಗೆ ಬಂದರು.

“ಇದು ಮೇಲಿಂದ ಬಂದದ್ದಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಬೀದಿಯಲ್ಲಿ ಕಾರು ನಿಲ್ಲಿಸಲು ನಗರಸಭೆಯ ಒಪ್ಪಿಗೆ ಬೇಕೇನೋ, ಅದಕ್ಕೇ ಬಂದಿದ್ದಾರೆ ಎಂದುಕೊಂಡರು ರಾಯರು. “ಮೇಲಿಂದ ಅಲ್ಲ ಸಾರ್, ಮನೆ ಕಡೆಯ ಒತ್ತಡ.”

“ಯಾರ ಮನೆ?”

“ಹೆಸರು ಹೇಳಿದ್ರೆ ಚೆನ್ನಾಗಿರಲ್ಲ. ಷಡ್ಡಕರ ವಿಷಯ. ತಿಂಗಳ ಕೊನೆಯೊಳಗೆ ಆಗಲಿಲ್ಲ ಅಂದ್ರೆ ನನ್ನ ಮಾನ ಹೋಗುತ್ತೆ.”

ಇಂಜಿನಿಯರು ಎದ್ದು ನಿಂತರು. ಯಾವ ಮಂತ್ರಿಗೆ ಎಷ್ಟು ಜನ ಷಡ್ಡಕರು ಎಂದು ಮನಸ್ಸಿನಲ್ಲೇ ಎಣಿಸಿ, “ಅರ್ಥ ಆಯ್ತು, ಇನ್ನೇನೂ ಹೇಳ್ಬೇಡಿ,” ಎಂದರು. ಬೀದಿಯ ನಕ್ಷೆ ಏನಾದರೂ ಇದೆಯೇ ಎಂದು ಕೇಳಿದಾಗ ರಾಯರ ಮುಖ ಅರಳಿತು. ಅವರ ನಕ್ಷೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಮನೆಯವರೆಗೆ ಬಂದು ಕೇಳಿರಲಿಲ್ಲ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು. ಇಂಜಿನಿಯರು ಸುರುಳಿಯ ತುದಿಯಲ್ಲಿ ಕಂಡ ಕೊನೆಯ ನಂಬರನ್ನಷ್ಟೇ ನೋಡಿ, ಪೂರ್ತಿ ಬಿಡಿಸದೆ ಫೈಲಿಗೆ ಸೇರಿಸಿದರು.

ಅಷ್ಟರಲ್ಲಿ ಬೀದಿಗೆ ಇನ್ನೊಂದು ಸುದ್ದಿ ಹಬ್ಬಿತು: ತಾವಾಗಿ ಒಡೆದುಕೊಂಡರೆ ಸ್ವಲ್ಪಕ್ಕೇ ಬಿಡುತ್ತಾರೆ, ಯಂತ್ರ ಬಂದರೆ ಪೂರ್ತಿ ಹೋಗುತ್ತದೆ. ಹುಟ್ಟಿಸಿದವರು ಯಾರೋ ಗೊತ್ತಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ರಾಯರು ಸುತ್ತಿಗೆಯ ಸದ್ದಿಗೆ ಎಚ್ಚರಗೊಂಡರು. ಹೊರಗೆ ಬಂದರೆ ಸಲೂನಿನವನು ತನ್ನ ಮೂರು ಮೆಟ್ಟಿಲನ್ನೂ ಅದರ ಪಕ್ಕದ ಮೋಟುಗೋಡೆಯನ್ನೂ ಒಡೆಯುತ್ತಿದ್ದ. ಗಿರಣಿ ಅಕ್ಕನ ಮುಂಗಟ್ಟೆ ಆಗಲೇ ರಾಶಿಯಾಗಿತ್ತು. ಬಿಳಿ ಬಿದ್ದವರೂ ಹೆದರಿಕೊಂಡಿದ್ದರು. ಮೇಷ್ಟ್ರ ಕಾಂಪೌಂಡಿನ ಇಟ್ಟಿಗೆಗಳನ್ನು ಇಬ್ಬರು ಕೂಲಿಯವರು ಇಳಿಸುತ್ತಿದ್ದರು.

“ಏನಪ್ಪ ಇದು? ಯಾಕೆ ಒಡೀತಿದ್ದೀರಿ?”

ಸಲೂನಿನವನು ಸುತ್ತಿಗೆ ಕೆಳಗಿಟ್ಟ. “ಕೆಂಪು ಹಾಕಿದೋರು ನೀವು, ಯಾಕೆ ಅಂತ ಕೇಳೋರೂ ನೀವೇನಾ ಸಾರ್?”

ಆ ಕ್ಷಣದಲ್ಲಿ ಟವೆಲು, ಹಿಟ್ಟು, ಅಕ್ಕಿ, ಇಂಜಿನಿಯರು ಎಲ್ಲ ಸೇರಿ ರಾಯರ ತಲೆಯೊಳಗೆ ಒಂದೇ ಸಾಲಾಗಿ ನಿಂತವು. ನಿಜ ಹೇಳಬೇಕು. ಹೇಳಿದರೆ ಆ ಸುತ್ತ ಇದ್ದ ಸುತ್ತಿಗೆಗಳು ನಾಲ್ಕು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ, ನುಂಗಲೂ ಆಗದೆ ಉಗುಳಲೂ ಆಗದೆ, ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಂಗಳವಾರ ಇಂಜಿನಿಯರು ಬಂದರು. ಜೊತೆಗೆ ಒಬ್ಬ ಮೇಸ್ತ್ರಿ, ಒಂದು ಡಬ್ಬ ಕೆಂಪು ಬಣ್ಣ, ಒಂದು ಕುಂಚ. ಇಡೀ ಬೀದಿ ಅವರ ಹಿಂದೆ ಬಂದು ಹೊಲಿಗೆ ಕೊಠಡಿಯ ಮುಂದೆ ನಿಂತಿತು. ಒಳಗೆ ಮಿಷನ್ನಿನ ಸದ್ದು ನಿಂತಿತು.

“ಎಲ್ಲರೂ ಸಹಕರಿಸಿದ್ದೀರಿ, ಸಂತೋಷ,” ಎಂದರು ಇಂಜಿನಿಯರು. “ಒಂದೇ ಒತ್ತುವರಿ ಉಳಿದಿದೆ. ನಂಬರ್ ಹದಿನಾಲ್ಕು. ಮೂರಡಿ ಎರಡಂಗುಲ.”

ಹೆಂಡತಿ ಹೊರಗೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯ ನಡುವೆ ಎರಡು ಗುಂಡುಸೂಜಿ. ಅವನ್ನು ತೆಗೆದು ರವಿಕೆಗೆ ಚುಚ್ಚಿಕೊಂಡು ಕೇಳಿದಳು. “ಇದು ಯಾರ ಅಳತೆ?”

“ನಿಮ್ಮೆಜಮಾನರದೇ ತಾಯಿ. ನಕ್ಷೆ ಅವರದೇ.”

ಆಕೆ ಗಂಡನ ಕಡೆ ತಿರುಗಿದಳು. ಕೋಪ ಇದ್ದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಇದ್ದದ್ದು ನೋವು. “ರೀ, ಬೀರು ಬಾಗಿಲ ಹಿಂದಿನ ಪಟ್ಟಿ ನಾನು ದಿನಾ ಓದ್ತೀನಿ. ಈ ಅಳತೆ ಯಾಕೆ ಮಾಡಿದ್ದು ಅಂತ ನೀವೇ ಹೇಳ್ತೀರೋ, ನಾನು ಹೇಳಲೋ?”

ರಾಯರು ಹೇಳಿದರು. ಷಡ್ಡಕನಿಂದ ಶುರುಮಾಡಿ ಸೀಮೆಸುಣ್ಣದವರೆಗೆ, ಒಂದು ಅಂಗುಲವನ್ನೂ ಬಿಡಲಿಲ್ಲ. ಅಂಕಿ ಅಡಿಯಲ್ಲ, ಅಂಗುಲ ಎಂಬುದನ್ನೂ ಹೇಳಿದರು.

ಮೊದಲು ಮಾತಾಡಿದವನು ಸಲೂನಿನವನು. “ಹಾಗಾದ್ರೆ ನನ್ನ ಮೆಟ್ಟಿಲು ಹೋಗಿದ್ದು ಕೆಂಪು ಕಾರಿಗಾ ಸಾರ್?”

“ಹೌದಪ್ಪ.”

“ಹೋಗಿದ್ದು ಹೋಯ್ತು. ಕೆಂಪನ್ನೇ ತಗೊಳ್ಳಿ. ಇಲ್ಲಾಂದ್ರೆ ನಾನು ಒಡೆದಿದ್ದಕ್ಕೆ ಅರ್ಥವೇ ಇಲ್ಲ.”

“ಅದು ಹೇಗಾಗುತ್ತೆ?” ಎಂದರು ಮೇಷ್ಟ್ರು. “ನನ್ನ ಕಾಂಪೌಂಡು ಬಿಳಿಗೆ ಬಿದ್ದಿದೆ. ಬಿಳೀನೇ ತಗೋಬೇಕು.”

ಎರಡು ನಿಮಿಷದಲ್ಲಿ ಬೀದಿ ಕೆಂಪಿನವರು, ಬಿಳಿಯವರು ಎಂದು ಎರಡಾಯಿತು. ಎರಡೂ ಕಾರನ್ನು ಕಣ್ಣಲ್ಲೂ ನೋಡದವರು ಅವುಗಳ ಇಂಜಿನ್ನಿನ ಬಗ್ಗೆ ಕೂಗಾಡಿದರು. ಇಂಜಿನಿಯರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಕಾರೋ ಗಾಡಿಯೋ, ನನಗೆ ಸಂಬಂಧ ಇಲ್ಲ. ಫೈಲಿಗೆ ನಂಬರ್ ಬಿದ್ದಾಗಿದೆ. ನಂಬರ್ ಬಿದ್ದ ಫೈಲು ಹುಟ್ಟಿದ ಮಗು ಇದ್ದ ಹಾಗೆ, ವಾಪಸ್ ಕಳಿಸೋಕಾಗಲ್ಲ. ಹದಿನಾಲ್ಕಕ್ಕೆ ಬಣ್ಣ ಹಚ್ಚಯ್ಯ.”

ಮೇಸ್ತ್ರಿ ಕುಂಚ ಅದ್ದಿದ. ಹೆಂಡತಿ ಕಿಟಕಿಯ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದಳು. ಈ ಗಳಿಗೆಯಲ್ಲಿ ರಾಯರಿಗೆ ಕೊಠಡಿ ಉಳಿಸುವ ಮಹಾ ಯುಕ್ತಿ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಡೆದದ್ದು ಏನೆಂದರೆ, ಹದಿನಾಲ್ಕರಿಂದ ಶುರುಮಾಡುವುದನ್ನು ಅವರಿಂದ ನೋಡಲಾಗಲಿಲ್ಲ.

“ಸಾರ್, ಹಚ್ಚಿ. ಆದ್ರೆ ಕ್ರಮವಾಗಿ ಹಚ್ಚಿ,” ಎಂದರು. “ನಕ್ಷೇಲಿ ಒಂದರಿಂದ ನಂಬರಿದೆ. ಒಂದು ಬಿಟ್ಟು ಹದಿನಾಲ್ಕಕ್ಕೆ ಹೋದ್ರೆ ನಕ್ಷೆಗೆ ಅವಮಾನ.”

“ಸರಿ, ಒಂದು ಯಾವುದು?”

ಇಂಜಿನಿಯರು ಮೊದಲ ಸಲ ನಕ್ಷೆಯನ್ನು ಪೂರ್ತಿ ಬಿಡಿಸಿದರು. ನಂಬರ್ ಒಂದು, ವಾರ್ಡ್ ಕಚೇರಿ. ಒತ್ತುವರಿ: ಐದಡಿ ಒಂದಂಗುಲ. ಅದರೊಳಗೆ ಅವರ ಕೋಣೆ, ಅವರ ಮೇಜು, ಮೇಜಿನ ಮೇಲೆ ಆ ಫೈಲು.

ಅವರು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿದರು. “ಇದಕ್ಕೆ ಮೊಹರು ಎಲ್ಲಿದೆ?”

“ಮನೇಲಿ ಮೊಹರು ಇಟ್ಕೊಳ್ಳಲ್ಲ ಸಾರ್.”

“ಮೊಹರಿಲ್ಲದ ನಕ್ಷೆ ನಕ್ಷೆಯೇ ಅಲ್ಲ,” ಎಂದು ಅದನ್ನು ರಾಯರ ಕೈಗಿಟ್ಟರು. “ಡಬ್ಬ ಮುಚ್ಚಯ್ಯ.” ಹುಟ್ಟಿದ ಮಗುವನ್ನು ಅಂದು ಸಂಜೆಯೊಳಗೆ ಹುಟ್ಟಲೇ ಇಲ್ಲವೆಂದು ಬರೆದು ಮುಗಿಸಿದರು.

ಕೊಠಡಿ ಉಳಿಯಿತು. ಒಳಗೆ ಬಂದು ಹೆಂಡತಿ ಒಂದು ಲೋಟ ಕಾಫಿ ತಂದಿಟ್ಟು ಹೇಳಿದಳು. “ಕೊಠಡಿ ಉಳಿಸಿದ್ರಿ, ಸರಿ. ಮುರಿಸಿದ್ದನ್ನ ಕಟ್ಟಿಸಿಕೊಡಿ. ಕಾರಿಗೆ ಅಂತ ದುಡ್ಡು ಕೂಡಿಟ್ಟಿದ್ದೀರಲ್ಲ, ಅದರಲ್ಲೇ.”

ರಾಯರು ಮೇಸ್ತ್ರಿಯನ್ನು ಗೊತ್ತುಮಾಡಿ ನಕ್ಷೆ ಹಿಡಿದು ನಿಂತರು. ಆದರೆ ಕಳೆದುಕೊಂಡ ಮೆಟ್ಟಿಲು ನೆನಪಿನಲ್ಲಿ ಬೆಳೆಯುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

“ನಮ್ಮದು ಇಲ್ಲೀತನಕ ಇತ್ತು,” ಎಂದ ಸಲೂನಿನವನು, ಹಳೆಯ ಗುರುತಿನಿಂದ ಒಂದಡಿ ಮುಂದೆ ಬಂದು ನಿಂತು.

“ನಕ್ಷೇಲಿ ಎರಡಡಿ ಅಂತಿದೆಯಪ್ಪ, ನೋಡು.”

“ಆ ನಕ್ಷೆಗೆ ಮೊಹರಿಲ್ಲ,” ಎಂದರು ಎದುರಿಗಿದ್ದ ಮೇಷ್ಟ್ರು, ತಮ್ಮ ಕಾಂಪೌಂಡಿನ ದಾರವನ್ನು ಬೀದಿಯ ಕಡೆ ಎಳೆದು ಕಟ್ಟಿಸುತ್ತ. “ಇಂಜಿನಿಯರೇ ಹೇಳಿದ್ದಾರೆ.”

ಕೆಂಪಿನವರೂ ಬಿಳಿಯವರೂ ಈ ಒಂದು ವಿಷಯದಲ್ಲಿ ಒಂದಾದರು. ಗಿರಣಿ ಅಕ್ಕನ ಮುಂಗಟ್ಟೆ ಚೀಲ ಇಳಿಸಲು ಅನುಕೂಲವಾಗುವಷ್ಟು ಅಗಲವಾಯಿತು. ತಿಂಗಳ ಕೊನೆಗೆ ಎಲ್ಲರ ಮೆಟ್ಟಿಲು, ಗೋಡೆಗಳೂ ಎದ್ದು ನಿಂತವು. ರಾಯರ ಕಾರಿನ ಹಣ ಇಟ್ಟಿಗೆ ಸಿಮೆಂಟಾಗಿ ಬೀದಿಯ ಎರಡೂ ಬದಿ ಕೂತಿತು.

ಕೊನೆಯ ಭಾನುವಾರ ಬೆಳಿಗ್ಗೆ ಷಡ್ಡಕ ಫೋನು ಮಾಡಿದ. ತೆಗೆದದ್ದು ಹೆಂಡತಿ. “ಕಾರು ಬಂದಿಲ್ಲಪ್ಪ. ಬಸ್ಸಿಗೆ ಬರ್ತೀವಿ.”

“ಛೆ ಛೆ, ನನಗೆ ಗೊತ್ತಿತ್ತು ಅಕ್ಕ. ನಾನಿರೋವಾಗ ನೀವ್ಯಾಕೆ ಬಸ್ಸಿಗೆ? ನಾನೇ ಬಂದು ಕರ್ಕೊಂಡು ಹೋಗ್ತೀನಿ.” ಆ ದನಿಯ ಖುಷಿ ರಾಯರಿಗೆ ನಾಲ್ಕು ಮಾರು ದೂರದಿಂದ ಕೇಳಿಸಿತು.

ಹನ್ನೊಂದಕ್ಕೆ ಅವನು ಬಂದ. ಹೋದ ಸಲ ನುಸುಳಿದ ಬೀದಿಯೇ ತಾನೆ ಎಂದು ಕನ್ನಡಿ ಮಡಚಿಕೊಂಡು ಒಳನುಗ್ಗಿದ. ಸಲೂನಿನ ಮೋಟುಗೋಡೆಗೂ ಮೇಷ್ಟ್ರ ಕಾಂಪೌಂಡಿಗೂ ನಡುವೆ ಒಂದು ದೀರ್ಘವಾದ ಕರ್ರೆಂಬ ಸದ್ದಾಯಿತು. ಕಾರು ಸೀಸೆಯ ಬಾಯಿಗೆ ಬಿರಡೆಯಂತೆ ಕೂತಿತು. ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ಎಡಬಾಗಿಲು ತೆರೆಯಲಿಲ್ಲ, ಬಲಬಾಗಿಲು ತೆರೆಯಲಿಲ್ಲ.

ಬೀದಿಯೆಲ್ಲ ಹೊರಗೆ ಬಂದು ನಿಂತು ನೋಡಿತು, ರಾಯರು ಹಿಂದೆ ಕೇಳಿಕೊಂಡಿದ್ದ ಹಾಗೆಯೇ. ಸ್ವಲ್ಪ ಹೊತ್ತಿಗೆ ಚಾವಣಿಯ ಗಾಜು ಸರ್ರನೆ ಸರಿಯಿತು. ಮೊದಲು ತಲೆ ಬಂತು, ಆಮೇಲೆ ಇಸ್ತ್ರಿ ಮಾಡಿದ ಅಂಗಿ, ಬಹಳ ಕಷ್ಟದಿಂದ ಹೊಟ್ಟೆ, ಕೊನೆಗೆ ಒಂದು ಬೂಟು. ಸಲೂನಿನವನು ಮೆಟ್ಟಿಲ ಮೇಲಿಂದ ಕೈ ಕೊಟ್ಟು ಇಳಿಸಿಕೊಂಡ.

ರಾಯರು ಒಳಗೆ ಓಡಿದರು. ಹಗ್ಗ ತರಲು ಹೋದರೆಂದು ಎಲ್ಲರೂ ಅಂದುಕೊಂಡರು. ಅವರು ಬೀರುವಿನ ಬಾಗಿಲು ತೆರೆದು, ಪೆನ್ಸಿಲು ಚೂಪು ಮಾಡಿ, ಅರವತ್ತನಾಲ್ಕನೇ ಸಾಲಿನ ಖಾಲಿ ಜಾಗದಲ್ಲಿ ಬರೆದರು: ‘ಉಪಯೋಗವಿದೆ.’ ಕೆಳಗೆ ಒಟ್ಟು ಕೂಡಿ ಎರಡು ಗೆರೆ ಎಳೆದರು.

“ತೀರ್ಮಾನ ಆಯ್ತು ಕಣೇ,” ಎಂದರು ಹೊರಗೆ ಬಂದು. “ಕೆಂಪು.”

ಕೊಳ್ಳಲು ಹಣವಿರಲಿಲ್ಲ, ತರಲು ದಾರಿಯಿರಲಿಲ್ಲ, ಓಡಿಸಲು ಬರುತ್ತಿರಲಿಲ್ಲ. ಆದರೂ ತೀರ್ಮಾನ ತೀರ್ಮಾನವೇ. ಹೆಂಡತಿ ಕೊಠಡಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ನಕ್ಕಳು. “ಆಗಲಿ, ನಡೀರಿ. ಊಟಕ್ಕೆ ಹೊತ್ತಾಯ್ತು.”

ಕಾರನ್ನು ಸಿಕ್ಕಿಕೊಂಡ ಕಡೆಯೇ ಬಿಟ್ಟು ಮೂವರೂ ಬಸ್ಸು ಹತ್ತಿದರು. ಬಸ್ಸು ತುಂಬಿತ್ತು, ಆದರೆ ಹತ್ತಿದ ಕೂಡಲೇ ಕಿಟಕಿ ಪಕ್ಕ ಎರಡು ಸೀಟು ಖಾಲಿಯಾದವು. ಅಕ್ಕ ಕೂತಳು, ರಾಯರು ಕೂತರು. ಷಡ್ಡಕ ಮೇಲಿನ ಕಂಬಿ ಹಿಡಿದು, ತನ್ನ ಮನೆಯವರೆಗೂ ನಿಂತೇ ಬಂದ.